ಗೋಡೆಯ ಮೇಲಿನ ಬಾಂಧವ್ಯ

1918ನೆಯ ಇಸವಿಯ ಸುಮಾರಿಗೆ ಅಮೇರಿಕೆಯಲ್ಲಿ ಒಂದು ಬಣ್ಣದ ಭಿತ್ತಿಪತ್ರವು ಹೊರಟಿತು. ಅದರಲ್ಲಿ ಮೂವರು ಗಂಡಸರು ತೋಳಿಗೆ ತೋಳು ಹೆಣೆದು ಹೆಜ್ಜೆ ಹಾಕುತ್ತಿರುವರು. ಒಬ್ಬನು ನಾವಿಕ, ಒಬ್ಬನು ಕಾರಖಾನೆಯ ಕೂಲಿಕಾರ, ಇನ್ನೊಬ್ಬನು ಸೈನಿಕ. ಕೂಡಿ ನಡೆದರೆ ಗೆಲವು ನಮ್ಮದು ಎಂಬುದು ಅದರ ಒಕ್ಕಣೆಯ ಸಾರ. ಬೆರಳು ಚಾಚಿ ಜನರನ್ನು ಸೈನ್ಯಕ್ಕೆ ಕರೆಯುವ ಅಂಕಲ್ ಸ್ಯಾಮನ ಚಿತ್ರದಿಂದ ಜಗತ್ಪ್ರಸಿದ್ಧನಾದ ಜೇಮ್ಸ್ ಮಾಂಟ್ಗೋಮರಿ ಫ್ಲ್ಯಾಗ್ ಎಂಬವನೇ ಇದನ್ನೂ ಬರೆದನು. ಬರೆಯಿಸಿದ್ದು, ಯುದ್ಧಕ್ಕಾಗಿ ಹಡಗುಗಳನ್ನು ಕಟ್ಟಿಸಲು 1917ರಲ್ಲಿ ಸ್ಥಾಪಿತವಾದ ಅಲ್ಲಿಯ ಸರಕಾರದ ಸಂಸ್ಥೆ.

ಈ ಚಿತ್ರವನ್ನು ಕಂಡವನ ಎದೆ ಉಬ್ಬಿದರೆ ಆಶ್ಚರ್ಯವಿಲ್ಲ. ದುಡಿಯುವವನೂ ಕಾದಾಡುವವನೂ ಅಣ್ಣತಮ್ಮಂದಿರೆಂಬ ಮಾತು ಯಾರಿಗೆ ಕಹಿಯಾದೀತು? ಆದರೆ ನಾವು ಇಲ್ಲಿ ಎತ್ತಬಯಸುವ ಪ್ರಶ್ನೆ ಬೇರೆ. ಆ ಮೂವರು ತೋಳು ಹೆಣೆದದ್ದು ಯಾರ ಅಪ್ಪಣೆಯಿಂದ? ಚಿತ್ರದ ಚೌಕಟ್ಟಿನೊಳಗೆ ಬಾರದ ನಾಲ್ಕನೆಯವನೊಬ್ಬನು ಅಲ್ಲಿರುವನು. ಕಾಗದಕ್ಕೂ ಬಣ್ಣಕ್ಕೂ ಹಣ ತೆತ್ತವನು ಅವನು. ಗೋಡೆಯ ಒಡೆಯನು ಅವನು. ಕೂಲಿಕಾರನ ಸಂಬಳವನ್ನೂ ನಾವಿಕನ ಬಟವಡೆಯನ್ನೂ ಗೊತ್ತುಮಾಡುವವನೂ ಅವನೇ. ಆ ನಾಲ್ಕನೆಯವನು ಅಪ್ಪಣೆ ಕೊಟ್ಟಾಗ ಹೆಣೆದ ತೋಳು ದೇಶಭಕ್ತಿ. ಕೊಡದಿದ್ದಾಗ ಹೆಣೆದ ತೋಳು ರಾಜದ್ರೋಹ. ಎರಡು ಮಹಾಯುದ್ಧಗಳ ಭಿತ್ತಿಪತ್ರಗಳ ಕಥೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ ಎಂದು ನಾವು ಹೇಳುತ್ತೇವೆ. ಹೇಳಿದ್ದನ್ನು ಸಾಧಿಸಿ ತೋರಿಸಲೂ ಸಿದ್ಧರಿದ್ದೇವೆ.

ಮೊದಲು ನ್ಯಾಯವಾಗಿ ಒಪ್ಪತಕ್ಕದ್ದನ್ನು ಒಪ್ಪಿಬಿಡೋಣ. ಆ ಚಿತ್ರಗಳು ಹೇಳಿದ ಮಾತು ಸುಳ್ಳಾಗಿರಲಿಲ್ಲ. ಎರಡೂ ಯುದ್ಧಗಳಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಅಟ್ಲಾಂಟಿಕ್ ಸಾಗರದಲ್ಲಿ ಹಡಗುಗಳನ್ನು ಒಂದರ ಹಿಂದೊಂದು ಮುಳುಗಿಸುತ್ತಿದ್ದವು. ಮುಳುಗಿದಷ್ಟನ್ನು ಮತ್ತೆ ಕಟ್ಟದಿದ್ದರೆ ಇಂಗ್ಲಂಡಿಗೆ ರೊಟ್ಟಿಯೂ ಇಲ್ಲ, ಮದ್ದುಗುಂಡೂ ಇಲ್ಲ. ಉಕ್ಕಿನ ಹಲಗೆಗೆ ರಿವೆಟ್ಟು ಬಡಿಯುವವನ ಕೈ ಸಡಿಲಾದರೆ ಸಾವಿರಾರು ಮೈಲಿಯ ಆಚೆ ನಾವಿಕನ ಪ್ರಾಣಕ್ಕೆ ಅಪಾಯ. 1918ರಲ್ಲಿ ಶೆರಿಡನ್ ಎಂಬ ಚಿತ್ರಕಾರನು, ರಿವೆಟ್ಟುಗಳೇ ಸಂಗೀನುಗಳು, ಅವನ್ನು ಆಳಕ್ಕೆ ಇಳಿಸಿರಿ ಎಂದು ಕೂಲಿಕಾರರಿಗೆ ಸಾರಿದಾಗ ಅದರಲ್ಲಿ ಅರ್ಥವಿದ್ದಿತು. 1941ರಲ್ಲಿ ಜ್ಯಾ ಕಾರ್ಲೂ ಎಂಬ ಫ್ರೆಂಚ್ ಕಲಾವಿದನು ಅಮೇರಿಕೆಯ ಸರಕಾರಕ್ಕಾಗಿ ಬಂದೂಕುಗಾರನನ್ನೂ ರಿವೆಟ್ಟುಗಾರನನ್ನೂ ಒಂದೇ ಭಂಗಿಯಲ್ಲಿ, ಒಬ್ಬನ ಪಕ್ಕದಲ್ಲಿ ಒಬ್ಬನನ್ನು ನಿಲ್ಲಿಸಿ ಬರೆದಾಗಲೂ ಅರ್ಥವಿದ್ದಿತು. ಕೂಲಿಕಾರರು ಆ ಕರೆಗೆ ಓಗೊಡಲಿಲ್ಲವೇ? ಕೊಟ್ಟರು. 1941ರಿಂದ 1945ರ ವರೆಗೆ ಅಮೇರಿಕೆಯ ಕಾರಖಾನೆಗಳು 'ಲಿಬರ್ಟಿ' ಎಂಬ ಒಂದೇ ಮಾದರಿಯ 2,710 ಸರಕು ಹಡಗುಗಳನ್ನು ಕಟ್ಟಿದವು. 1942ರ ನವೆಂಬರದಲ್ಲಿ ಕ್ಯಾಲಿಫೋರ್ನಿಯದ ರಿಚ್ಮಂಡಿನಲ್ಲಿ ಒಂದು ಹಡಗನ್ನು ಅಡಿಗಟ್ಟು ಇಟ್ಟ ಐದು ದಿನಗಳೊಳಗಾಗಿ ನೀರಿಗೆ ಇಳಿಸಿದರು. ಮನುಷ್ಯಮಾತ್ರದವರಿಂದ ಇದು ಸಾಧ್ಯವೇ ಎಂದು ಲೋಕವು ಬೆರಗಾಯಿತು.

ಹೀಗೆ ಮಾತು ನಿಜ, ಶ್ರಮ ನಿಜ, ಶೌರ್ಯವೂ ನಿಜ. ಸುಳ್ಳೆಲ್ಲ ಇದ್ದದ್ದು ಚಿತ್ರದ ಹೊರಗೆ. ಎರಡನೆಯ ಯುದ್ಧಕಾಲದ ಪತ್ರಗಳನ್ನು ಇನ್ನಷ್ಟು ಹತ್ತಿರದಿಂದ ನೋಡಿರಿ. ಮೋಟಾರುಗಳನ್ನು ತಯಾರಿಸುವ ಜನರಲ್ ಮೋಟರ್ಸ್ ಕಂಪನಿಯ ಓಲ್ಡ್ಸ್‌ಮೊಬೀಲ್ ವಿಭಾಗವು ಹೊರಡಿಸಿದ ಪತ್ರದಲ್ಲಿ ಎರಡು ಮುಷ್ಟಿಗಳಿರುವವು: ಒಂದು ಕೂಲಿಕಾರನದು, ಇನ್ನೊಂದು ಆಡಳಿತದವರದು. ಇಬ್ಬರೂ ಕೂಡಿದರೆ ಫಿರಂಗಿಗಳು ಗರ್ಜಿಸುತ್ತಲೇ ಇರುವವೆಂದು ಅದು ಹೇಳುವದು. ಕೆಂಪು ವಸ್ತ್ರವನ್ನು ತಲೆಗೆ ಕಟ್ಟಿಕೊಂಡು ತೋಳು ಮಡಚಿ ನಿಂತ ಹೆಣ್ಣಾಳಿನ ಚಿತ್ರವನ್ನು ಇಂದು ಲೋಕವೆಲ್ಲ ಸ್ತ್ರೀಸ್ವಾತಂತ್ರ್ಯದ ಗುರುತೆಂದು ತಿಳಿದಿದೆ. ಅದು ಹುಟ್ಟಿದ್ದಾದರೂ ವೆಸ್ಟಿಂಗ್‌ಹೌಸ್ ಎಂಬ ವಿದ್ಯುದ್ಯಂತ್ರಗಳ ಕಂಪನಿಯ ಗೋಡೆಗಳಿಗಾಗಿ. 1943ರ ಫೆಬ್ರುವರಿಯಲ್ಲಿ ಎರಡೇ ವಾರ ಅದು ಅಲ್ಲಿ ನೇತಾಡಿತು. ಕೆಲಸ ತಪ್ಪಿಸಬೇಡಿರಿ, ತಂಟೆ ತೆಗೆಯಬೇಡಿರಿ, ದುಡಿಯುತ್ತಲಿರಿ ಎಂಬುದು ಅಂಥ ಚಿತ್ರಗಳ ಒಳಮಾತಾಗಿದ್ದಿತು. 1941ರ ಡಿಸೆಂಬರದಲ್ಲಿಯೇ ಅಮೇರಿಕೆಯ ಕೂಲಿಕಾರ ಸಂಘಗಳ ಮುಖಂಡರು ಯುದ್ಧ ಮುಗಿಯುವ ವರೆಗೆ ಸಂಪು ಹೂಡುವದಿಲ್ಲವೆಂದು ಮಾತು ಕೊಟ್ಟಿದ್ದರು. ಸಂಬಳದ ಏರಿಕೆಗೆ 1942ರಲ್ಲಿ ಸರಕಾರವು ಕಟ್ಟು ಹಾಕಿತು. ಕೂಲಿಕಾರನ ಒಂದು ಕೈಯನ್ನು ಮಾತಿನಿಂದ, ಇನ್ನೊಂದು ಕೈಯನ್ನು ಕಟ್ಟಳೆಯಿಂದ ಕಟ್ಟಿದ ಮೇಲೆ, ಗೋಡೆಯ ಮೇಲೆ ಆ ಕೈಯನ್ನು ನಾವಿಕನ ಕೈಯೊಳಗಿಟ್ಟು ಬಣ್ಣ ಬಳಿಯುವದು ಕಷ್ಟವಲ್ಲ.

ನಾವಿಕನ ಹೆಸರನ್ನು ಹೇಳಿ ಕೂಲಿಕಾರನ ಬಾಯಿ ಮುಚ್ಚಿಸುವದು ಈ ಪತ್ರಗಳ ಒಂದು ಉಪಯೋಗವೆಂದಾಯಿತು. ನೀನು ಒಂದು ತಾಸು ಕೆಲಸ ನಿಲ್ಲಿಸಿದರೆ ಸಮುದ್ರದಲ್ಲಿ ನಿನ್ನ ತಮ್ಮನು ಸಾಯುವನು ಎಂದು ಹೆದರಿಸಿದರೆ ಯಾವ ಸಭ್ಯನು ತಾನೇ ಸಂಬಳದ ಮಾತೆತ್ತಿಯಾನು? ಒಳ್ಳೆಯದು. ಹಾಗಾದರೆ ಆ ತಮ್ಮನನ್ನಾದರೂ, ಯಾರ ಪ್ರಾಣದ ಹೆಸರಿನಲ್ಲಿ ಇಷ್ಟೆಲ್ಲ ಬೇಡಿದರೋ ಆ ನಾವಿಕನನ್ನಾದರೂ, ನಾಲ್ಕನೆಯವನು ಹೇಗೆ ನಡೆಯಿಸಿಕೊಂಡನು? ಇದು ನಮ್ಮ ಮೊದಲನೆಯ ಪರೀಕ್ಷೆ.

ಅಮೇರಿಕೆಯ ವ್ಯಾಪಾರಿ ಹಡಗುಗಳ ನಾವಿಕರನ್ನು ತೆಗೆದುಕೊಳ್ಳಿರಿ. ಭಿತ್ತಿಪತ್ರಗಳಲ್ಲಿ ಅವರು ವೀರಾಗ್ರಣಿಗಳು. ಯುದ್ಧದಲ್ಲಿ ಅವರೊಳಗೆ ಎಂಟು ಸಾವಿರಕ್ಕೂ ಮಿಕ್ಕಿದ ಜನರು ಮಡಿದರು. ಆದರೆ ಮರಳಿ ಬಂದ ಸೈನಿಕರ ವಿದ್ಯಾಭ್ಯಾಸಕ್ಕೂ ಮನೆ ಕಟ್ಟಲಿಕ್ಕೂ ನೆರವು ನೀಡುವ ಕಾಯಿದೆಯನ್ನು 1944ರಲ್ಲಿ ಮಾಡಿದಾಗ ಈ ನಾವಿಕರನ್ನು ಅದರಿಂದ ಹೊರಗಿಟ್ಟರು. ಇವರು ಯೋಧರಲ್ಲ, ಸಂಬಳಕ್ಕೆ ದುಡಿದ ಸಾಮಾನ್ಯ ಪ್ರಜೆಗಳು ಎಂಬುದು ವಾದ. ನ್ಯಾಯಾಲಯದ ಬಾಗಿಲು ತಟ್ಟಿದ ಮೇಲೆ 1988ರಲ್ಲಿ, ಎಂದರೆ ಯುದ್ಧ ಮುಗಿದು ನಾಲ್ವತ್ತು ವರ್ಷಗಳು ದಾಟಿದ ಮೇಲೆ, ಅವರಿಗೆ ಮಾಜಿ ಯೋಧರೆಂಬ ಮನ್ನಣೆ ದೊರೆಯಿತು. ಅಷ್ಟರಲ್ಲಿ ಎಷ್ಟು ಮಂದಿ ಮಣ್ಣಾಗಿದ್ದರು! ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ನಮ್ಮ ಹಿರಿಯರು ಹೊಳೆಯ ಬಗ್ಗೆ ಹೇಳಿದರು. ಇವರು ಅದನ್ನು ಮಹಾಸಾಗರಕ್ಕೂ ಹೊಂದಿಸಿದರು.

ಇಂಗ್ಲಂಡಿನ ಮಾತು ನಮಗೆ ಇನ್ನೂ ಹತ್ತಿರದ್ದು. ಎರಡನೆಯ ಮಹಾಯುದ್ಧವು ಆರಂಭವಾದಾಗ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ದುಡಿಯುವವರೊಳಗೆ ಸುಮಾರು ಕಾಲುಪಾಲು ಜನರು ಹಿಂದುಸ್ತಾನದವರು. ಲಸ್ಕರರೆಂದು ಕರೆಯಲ್ಪಡುತ್ತಿದ್ದ ಈ ಖಲಾಸಿಗಳು ಸಿಲ್ಹೆಟ್, ಚಿತ್ತಗಾಂವ, ಪಂಜಾಬ, ಕೊಂಕಣ, ಗೋವೆಗಳಿಂದ ಹೋದವರು; ಹಡಗಿನ ತಳದಲ್ಲಿ ಬೆಂಕಿಯ ಬಾಯಿಗೆ ಕಲ್ಲಿದ್ದಲು ತುಂಬುವ ಕೆಲಸದಿಂದ ಹಿಡಿದು ಅಡಿಗೆಯ ಕೆಲಸದ ವರೆಗೆ ಎಲ್ಲವನ್ನೂ ಮಾಡುವವರು. ಅದೇ ಹಡಗಿನಲ್ಲಿ ಅದೇ ಅಪಾಯಕ್ಕೆ ಎದೆಯೊಡ್ಡಿದ ಗೌರವರ್ಣದ ನಾವಿಕನ ಸಂಬಳದ ನಾಲ್ಕನೆಯ ಅಥವಾ ಐದನೆಯ ಒಂದು ಪಾಲಷ್ಟೇ ಇವರ ಸಂಬಳವಾಗಿದ್ದಿತು. ಶತ್ರುವಿನ ಟಾರ್ಪಿಡೊ ಮಾತ್ರ ಬಣ್ಣ ನೋಡಿ ಬಡಿಯುತ್ತಿರಲಿಲ್ಲ. 1939ರಲ್ಲಿ ಇವರು ಬಂದರು ಬಂದರುಗಳಲ್ಲಿ ಹಡಗು ಏರಲೊಲ್ಲೆವೆಂದು ಕುಳಿತಾಗ ಸರಕಾರವು ಇವರನ್ನು ಸೋದರರೆಂದು ಅಪ್ಪಿಕೊಂಡಿತೇ? ಅನೇಕರನ್ನು ಸೆರೆಮನೆಗೆ ನೂಕಿತು. ಸಂಬಳವೇರಿದ್ದು ಆ ಸಂಪಿನಿಂದಲೇ ಹೊರತು ಯಾವ ಚಿತ್ರದಿಂದಲೂ ಅಲ್ಲ. ಆ ಯುದ್ಧದಲ್ಲಿ ಸುಮಾರು 6,600 ಹಿಂದುಸ್ತಾನಿ ಖಲಾಸಿಗಳು ಸಮುದ್ರದ ಪಾಲಾದರು. ಬ್ರಿಟನ್ನಿನ ಯುದ್ಧಪತ್ರಗಳಲ್ಲಿ ನಾವಿಕನೆಂದು ಕಾಣುವ ಮುಖವು ಬಹುಮಟ್ಟಿಗೆ ಬಿಳಿಯನದೇ. ಆ ಹಡಗುಗಳ ಹೊಟ್ಟೆಯೊಳಗೆ ಬೆಂದವರಿಗೆ ಗೋಡೆಯ ಮೇಲೆ ಸ್ಥಳವೆಲ್ಲಿ?

ಇನ್ನು ಎರಡನೆಯ ಪರೀಕ್ಷೆ. ನಾವಿಕನೂ ಕೂಲಿಕಾರನೂ ಒಬ್ಬನೇ ಆಗಿದ್ದರೆ ಏನಾಗುವದು? ಕ್ಯಾಲಿಫೋರ್ನಿಯದ ಪೋರ್ಟ್ ಶಿಕಾಗೊ ಎಂಬ ರೇವಿನಲ್ಲಿ ಅಮೇರಿಕೆಯ ನೌಕಾದಳದ ಮದ್ದುಗುಂಡುಗಳನ್ನು ಹಡಗಿಗೆ ಹೇರುವ ಕೆಲಸವನ್ನು ನೀಗ್ರೋ ಜನಾಂಗದ ನಾವಿಕರಿಗೆ ವಹಿಸಿದ್ದರು. ಅವರು ಸಮವಸ್ತ್ರ ತೊಟ್ಟ ನಾವಿಕರು. ಮಾಡುವದು ಹಮಾಲರ ಕೆಲಸ. ಅದಕ್ಕೆ ಬೇಕಾದ ಶಿಕ್ಷಣವನ್ನು ಅವರಿಗೆ ಕೊಟ್ಟಿರಲಿಲ್ಲ. 1944ರ ಜುಲೈ 17ರ ರಾತ್ರಿ ಮದ್ದು ಸ್ಫೋಟಿಸಿ 320 ಜನರು ಸತ್ತರು. ಅವರಲ್ಲಿ 202 ಮಂದಿ ಆ ಜನಾಂಗದವರೇ. ಒಂದು ತಿಂಗಳು ತುಂಬುವದರೊಳಗೆ, ಬದುಕಿ ಉಳಿದವರನ್ನು ಅದೇ ಕೆಲಸಕ್ಕೆ ಮರಳಿ ಕರೆದರು. 258 ಜನರು ಒಲ್ಲೆವೆಂದರು. ಅವರೊಳಗೆ 50 ಜನರ ಮೇಲೆ ದಂಗೆಯ ಆರೋಪ ಹೊರಿಸಿ, 15 ವರ್ಷಗಳ ವರೆಗಿನ ಶಿಕ್ಷೆ ವಿಧಿಸಿದರು. ನೌಕಾದಳವು ಅವರನ್ನು ನಿರ್ದೋಷಿಗಳೆಂದು ಸಾರಿದ್ದು 2024ರ ಜುಲೈ 17ರಂದು. ದುರಂತಕ್ಕೆ ಸರಿಯಾಗಿ ಎಂಬತ್ತು ವರ್ಷಗಳಾಗಿದ್ದವು. ಸುರಕ್ಷಿತವಾಗಿ ದುಡಿಯಲು ಬಿಡಿರಿ ಎಂದು ಕೇಳಿದ್ದೇ ಇವರ ಅಪರಾಧ. ಒಬ್ಬನೇ ಮನುಷ್ಯನೊಳಗಿನ ನಾವಿಕನೂ ಕೂಲಿಕಾರನೂ ಒಂದಾಗಿ ಬಾಯಿ ತೆರೆದರೆ ಅದಕ್ಕೆ ದಂಗೆಯೆಂದು ಹೆಸರು!

ಚಿತ್ರಕಾರನಿಗಾದರೂ ಸ್ವಾತಂತ್ರ್ಯವಿದ್ದಿತೇ ಎಂದು ವಾಚಕರು ಕೇಳಬಹುದು. ಬ್ರಿಟನ್ನಿನ ಹೆಂಗಸರನ್ನು ಕಾರಖಾನೆಗಳಿಗೆ ಕರೆಯುವ ಪ್ರಸಿದ್ಧ ಭಿತ್ತಿಪತ್ರವನ್ನು 1941ರಲ್ಲಿ ಬರೆದವನು ಫಿಲಿಪ್ ಝೆಕ್. ಅದೇ ಝೆಕ್ 1942ರ ಮಾರ್ಚಿನಲ್ಲಿ ಲಂಡನ್ನಿನ 'ಡೇಲಿ ಮಿರರ್' ಪತ್ರಿಕೆಯಲ್ಲಿ ಇನ್ನೊಂದು ಚಿತ್ರ ಬರೆದನು. ಹಡಗು ಮುಳುಗಿದ ನಾವಿಕನೊಬ್ಬನು ಕಪ್ಪು ಸಮುದ್ರದಲ್ಲಿ ತೆಪ್ಪವನ್ನು ತಬ್ಬಿಕೊಂಡು ಬಿದ್ದಿರುವನು; ಕೆಳಗೆ, ಪೆಟ್ರೋಲಿನ ಬೆಲೆಯು ಒಂದು ಪೆನ್ನಿ ಏರಿತೆಂಬ ಸರಕಾರಿ ಸುದ್ದಿ. ಪೆಟ್ರೋಲನ್ನು ಪೋಲು ಮಾಡಬೇಡಿರಿ, ಅದಕ್ಕೆ ನಾವಿಕನು ಪ್ರಾಣ ತೆತ್ತಿರುವನು ಎಂಬುದು ತನ್ನ ಭಾವವೆಂದು ಝೆಕ್ ಹೇಳಿದನು. ಚರ್ಚಿಲ್ಲರ ಸರಕಾರಕ್ಕೆ ಅದರಲ್ಲಿ ಬೇರೆಯೇ ಅರ್ಥ ಕಂಡಿತು: ನಾವಿಕನು ಸಾಯುವಾಗ ಯಾರೋ ಲಾಭ ಹೊಡೆಯುತ್ತಿರುವರೆಂಬ ಅರ್ಥ. ಪತ್ರಿಕೆಯನ್ನೇ ಮುಚ್ಚಿಸಿಬಿಡುವೆವೆಂದು ಗೃಹಮಂತ್ರಿ ಹರ್ಬರ್ಟ್ ಮಾರಿಸನ್ನನು ಬೆದರಿಕೆ ಹಾಕಿದನು. ಬರೆದ ಕೈ ಒಂದೇ. ದುಡಿಯಿರಿ ಎಂದಾಗ ಅದು ಗೋಡೆಗೇರಿತು. ಬೆಲೆಯ ಮಾತೆತ್ತಿದಂತೆ ಕಂಡಾಗ ಬೆದರಿಕೆಗೆ ಗುರಿಯಾಯಿತು. ನಾಲ್ಕನೆಯವನು ಚೌಕಟ್ಟಿನ ಹೊರಗೇ ಇರಬಯಸುವನು. ಅವನತ್ತ ಬೆರಳು ತಿರುಗಿತೆಂಬ ಸಂಶಯವಷ್ಟೇ ಸಾಕು, ಅವನ ಸೈರಣೆ ಮುಗಿಯುವದು.

ಈಗ ಮೂರನೆಯದೂ ಕಟ್ಟಕಡೆಯದೂ ಆದ ಪರೀಕ್ಷೆ. ಭಿತ್ತಿಪತ್ರದ ಉಪದೇಶವನ್ನು ಕೂಲಿಕಾರರೂ ನಾವಿಕರೂ ನಿಜವಾಗಿಯೇ ನಡೆಯಿಸಿ ತೋರಿಸಿದರೆ, ಯಾರ ಅಪ್ಪಣೆಯೂ ಇಲ್ಲದೆ ತಾವಾಗಿಯೇ ಕೈಹಿಡಿದರೆ, ಏನಾಗುವದು? ಚರಿತ್ರೆಯು ಇದನ್ನು ಮೂರು ಸಲ ನಮ್ಮ ಕಣ್ಣೆದುರು ಇಟ್ಟಿದೆ. ಮೂರೂ ಬೇರೆ ಬೇರೆ ದೇಶಗಳಲ್ಲಿ, ಮೂರೂ ಬೇರೆ ಬೇರೆ ಬಗೆಯ ಸರಕಾರಗಳಡಿಯಲ್ಲಿ.

ಮೊದಲನೆಯದು ಜರ್ಮನಿಯ ಕೀಲ್ ಪಟ್ಟಣ. 1918ರ ಅಕ್ಟೋಬರದ ಕೊನೆಗೆ, ಯುದ್ಧವು ಸೋತೇಹೋಯಿತೆಂದು ಎಲ್ಲರಿಗೂ ಗೊತ್ತಿದ್ದಾಗ, ನೌಕಾಧಿಪತಿಗಳು ತಮ್ಮ ಮಾನಕ್ಕಾಗಿ ಇಡಿಯ ನೌಕಾಬಲವನ್ನು ಕಡೆಯ ಕಾಳಗಕ್ಕೆ ಅಟ್ಟಲು ಹವಣಿಸಿದರು. ನಾವಿಕರು ಒಲ್ಲೆವೆಂದರು, ಕೆಲವರು ಸೆರೆಸಿಕ್ಕರು. ನವೆಂಬರ 3ರಂದು ಕೀಲಿನಲ್ಲಿ ನಾವಿಕರೂ ಕಾರಖಾನೆಯ ಕೂಲಿಕಾರರೂ ಒಟ್ಟಾಗಿ, ಸೆರೆಯಾಳುಗಳನ್ನು ಬಿಡಿರಿ, ಶಾಂತಿಯನ್ನೂ ರೊಟ್ಟಿಯನ್ನೂ ಕೊಡಿರಿ ಎಂದು ಮೆರವಣಿಗೆ ಹೊರಟರು. ಸರಕಾರದ ಉತ್ತರವು ಬಂದೂಕಿನ ಬಾಯಿಂದ ಬಂದಿತು. ಏಳು ಜನರು ಸತ್ತರು. ಮರುದಿನವೇ ಪಟ್ಟಣವು ನಾವಿಕರ ಹಾಗೂ ಕೂಲಿಕಾರರ ವಶವಾಯಿತು. ಆರನೆಯ ದಿವಸ ಕೈಸರನ ಸಿಂಹಾಸನವೇ ಉರುಳಿತು. ಗೆಲವಿಗಾಗಿ ಕೂಡಿರಿ ಎಂದು ನಾಲ್ಕು ವರ್ಷ ಬೋಧಿಸಿದವರು, ಶಾಂತಿಗಾಗಿ ಕೂಡಿದವರನ್ನು ಒಂದು ಮಧ್ಯಾಹ್ನವೂ ಸಹಿಸಲಿಲ್ಲ.

ಇದು ಅರಸರ ದೋಷ, ಕೂಲಿಕಾರರದೇ ರಾಜ್ಯವಾದರೆ ಹೀಗಾಗದು ಎನ್ನುವವರು ಎರಡನೆಯ ಉದಾಹರಣೆಯನ್ನು ನೋಡಲಿ. ರಶಿಯದ ಪೆಟ್ರೊಗ್ರಾಡ್ ನಗರದ ಎದುರಿಗಿರುವ ಕ್ರೋನ್‌ಸ್ಟಾಟ್ ದ್ವೀಪದ ನಾವಿಕರು 1917ರ ಕ್ರಾಂತಿಯ ಕಣ್ಮಣಿಗಳಾಗಿದ್ದರು. ಟ್ರಾಟ್ಸ್ಕಿಯು ಅವರನ್ನು ಬಾಯಿತುಂಬ ಹೊಗಳಿದ್ದನು. 1921ರ ಫೆಬ್ರುವರಿಯಲ್ಲಿ ಪೆಟ್ರೊಗ್ರಾಡಿನ ಹಸಿದ ಕೂಲಿಕಾರರು ಸಂಪು ಹೂಡಿದರು. ಅವರ ಸ್ಥಿತಿಯನ್ನು ಕಂಡುಬಂದ ನಾವಿಕರು ಫೆಬ್ರುವರಿ 28ರಂದು ಸಭೆ ಸೇರಿ, ಗುಪ್ತ ಮತದಾನದಿಂದ ಹೊಸ ಸೋವಿಯೆತ್ತುಗಳನ್ನು ಆರಿಸಬೇಕು, ಕೂಲಿಕಾರರಿಗೂ ರೈತರಿಗೂ ವಾಕ್ಸ್ವಾತಂತ್ರ್ಯವಿರಬೇಕು, ದುಡಿಯುವವರೆಲ್ಲರಿಗೂ ಸಮನಾದ ಪಡಿಯಿರಬೇಕು ಎಂದು ಬೇಡಿದರು. ಕೂಲಿಕಾರರ ಹೆಸರಿನಿಂದ ಆಳುವ ಸರಕಾರವು ಸಮುದ್ರದ ಹೆಪ್ಪುಗಟ್ಟಿದ ನೀರಿನ ಮೇಲೆ ತುಖಾಚೆವ್ಸ್ಕಿಯ ಸೈನ್ಯವನ್ನು ಅಟ್ಟಿ, ಮಾರ್ಚ 18ರೊಳಗೆ ಆ ದ್ವೀಪವನ್ನು ರಕ್ತದಲ್ಲಿ ಅದ್ದಿತು. ಬಾವುಟದ ಬಣ್ಣ ಬದಲಾಯಿತು. ನಾಲ್ಕನೆಯವನ ಸ್ವಭಾವ ಬದಲಾಗಲಿಲ್ಲ.

ಮೂರನೆಯದು ಪರದೇಶದ ಕಥೆಯಲ್ಲ. ನಮ್ಮ ಮುಂಬಯಿಯ ಕಥೆ. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಅಲ್ಲಿ ನಡೆದದ್ದು ನಮ್ಮ ಹಿರಿಯರಿಗೆ ತಮ್ಮ ರಾಜಧಾನಿಯಲ್ಲಿ ನಡೆದದ್ದು. ಯುದ್ಧದ ಮೊದಲಿಗೆ ಎರಡು ಸಾವಿರವೂ ಇಲ್ಲದ ರಾಯಲ್ ಇಂಡಿಯನ್ ನೇವಿಯ ಬಲವು ಯುದ್ಧದ ಕೊನೆಗೆ ಮೂವತ್ತು ಸಾವಿರದ ಹತ್ತಿರಕ್ಕೆ ಬೆಳೆದಿತ್ತು. ಓದುಬರಹ ಬಲ್ಲ ಹುಡುಗರನ್ನು ಒಳ್ಳೆಯ ಸಂಬಳ, ಒಳ್ಳೆಯ ಊಟ, ಮುಂದೆ ಒಳ್ಳೆಯ ಬಾಳು ಎಂಬ ಆಸೆಯಿಂದ ಸೇರಿಸಿಕೊಂಡರು. ಮೂಗಿಗೆ ತುಪ್ಪ ಸವರಿದಂತಾಯಿತು. ಒಳಗೆ ಹೋದವರಿಗೆ ಸಿಕ್ಕದ್ದು ಕಲ್ಲು ಬೆರೆತ ಅನ್ನ, ಗೋರ ಅಧಿಕಾರಿಗಳ ಬೈಗಳು.

1945ರ ಡಿಸೆಂಬರದಲ್ಲಿ, ನೌಕಾದಿನದ ಹೊತ್ತಿಗೆ, ಮುಂಬಯಿಯ 'ತಲವಾರ' ಎಂಬ ನೌಕಾನೆಲೆಯ ಗೋಡೆಗಳ ಮೇಲೆ ಹೊಸ ಅಕ್ಷರಗಳು ಮೂಡಿದವು: ಕ್ವಿಟ್ ಇಂಡಿಯಾ, ಜೈ ಹಿಂದ್. ಅವನ್ನು ಯಾವ ಸರಕಾರವೂ ಬರೆಯಿಸಿರಲಿಲ್ಲ. ಆ ಗೋಡೆಬರಹದ ಕೆಲಸದಲ್ಲಿ ಮುಂದಾಗಿದ್ದ ಬಲಾಯಿಚಂದ ದತ್ತರೆಂಬ ತರುಣ ನಾವಿಕರು 1946ರ ಫೆಬ್ರುವರಿಯ ಮೊದಲಿಗೆ ಸೆರೆಸಿಕ್ಕರು. ಫೆಬ್ರುವರಿ 18ರಂದು 'ತಲವಾರ'ದ ನಾವಿಕರು ಅನ್ನವನ್ನು ಬಿಟ್ಟು ಮುಷ್ಕರ ಹೂಡಿದರು. ಎರಡು ಮೂರು ದಿನಗಳಲ್ಲಿ ಅದು 78 ಹಡಗುಗಳಿಗೂ 20 ನೆಲೆಗಳಿಗೂ ಹಬ್ಬಿತು. ಸುಮಾರು 20,000 ನಾವಿಕರು ಅದರಲ್ಲಿ ಸೇರಿದರು. ಬ್ರಿಟಿಷರ ಬಾವುಟ ಇಳಿದು ಕಾಂಗ್ರೆಸ್ಸಿನ, ಲೀಗಿನ, ಕಮ್ಯುನಿಸ್ಟರ ಬಾವುಟಗಳು ಒಟ್ಟಿಗೆ ಏರಿದವು. ಆ ಮೂರು ಪಕ್ಷಗಳ ಮುಖಂಡರಿಂದಾಗದ ಕೆಲಸವನ್ನು ಹಡಗಿನ ಹುಡುಗರು ಹಗ್ಗ ಎಳೆದು ಮಾಡಿ ತೋರಿಸಿದರು. ಇವರಿಗೆ ಮಾತಿನಿಂದ ಬುದ್ಧಿ ಹೇಳುವ ಬದಲು ನೌಕಾಬಲದ ಮುಖ್ಯಸ್ಥ ಅಡ್ಮಿರಲ್ ಗಾಡ್‌ಫ್ರೇ ಎಂಬವನು, ನೌಕಾದಳವೇ ನಾಶವಾದರೂ ಚಿಂತೆಯಿಲ್ಲ, ಶಿಸ್ತನ್ನು ಬಿಡೆವೆಂದು ರೇಡಿಯೋದಲ್ಲಿ ಗದರಿಸಿದನು. ಪಟ್ಟಣದ ಜನರು ಗೇಟ್‌ವೇ ಆಫ್ ಇಂಡಿಯದ ಕಟ್ಟೆಗೆ ಅನ್ನ, ರೊಟ್ಟಿ, ಹಣ್ಣುಗಳನ್ನು ಹೊತ್ತುತಂದು ಹಸಿದ ನಾವಿಕರಿಗೆ ಕೊಟ್ಟರು.

ಫೆಬ್ರುವರಿ 22ರಂದು ಮುಂಬಯಿಯ ಗಿರಣಿಗಳ ಭೋಂಗಾ ಕೂಗಿದರೂ ಕೂಲಿಕಾರರು ಒಳಗೆ ಹೋಗಲಿಲ್ಲ. ಮೂರು ಲಕ್ಷದಷ್ಟು ಜನರು ನಾವಿಕರ ಪರವಾಗಿ ಬೀದಿಗಿಳಿದರು. ನಾವಿಕನೂ ಕೂಲಿಕಾರನೂ ತೋಳಿಗೆ ತೋಳು ಕೊಟ್ಟರಲ್ಲವೇ? ಆ ಮಾತನ್ನೇ ಅಲ್ಲವೇ ಯುದ್ಧದ ಉದ್ದಕ್ಕೂ ಗೋಡೆ ಗೋಡೆಯ ಮೇಲೆ ಬೋಧಿಸಿದ್ದು? ಸರಕಾರವು ಸೈನ್ಯವನ್ನು ಕರೆಯಿಸಿತು. ಪರೇಲ್, ಲಾಲಬಾಗಗಳಂಥ ಗಿರಣಿ ಕೇರಿಗಳಲ್ಲಿ ಗುಂಡು ಹಾರಿದವು. ಸರಕಾರದ ಲೆಕ್ಕದಂತೆಯೇ 228 ಜನ ನಾಗರಿಕರು ಸತ್ತರು. ಗಾಯಗೊಂಡವರು ಸಾವಿರಕ್ಕೂ ಮಿಕ್ಕಿದರು. ವಲ್ಲಭಭಾಯಿ ಪಟೇಲರ ಬುದ್ಧಿವಾದದಂತೆ, ಜಿನ್ನಾರೂ ಅದನ್ನೇ ಹೇಳಿದ್ದರಿಂದ, ನಾವಿಕರು 23ರಂದು ಶರಣಾದರು. ಇವರ ಮೇಲೆ ಸೇಡು ತೀರಿಸಿಕೊಳ್ಳದಂತೆ ನೋಡಿಕೊಳ್ಳುವೆವೆಂದು ಮುಖಂಡರು ಭರವಸೆ ಕೊಟ್ಟಿದ್ದರು. ಆ ಭರವಸೆಯು ನೀರಿನ ಮೇಲಿನ ಬರಹವಾಯಿತು. ನೂರಾರು ನಾವಿಕರು ಸೆರೆಗೆ ಹೋದರು, ಕೆಲಸದಿಂದ ವಜಾ ಆದರು. 1947ರ ಆಗಸ್ಟ್ 15 ಬಂದುಹೋಯಿತು. ಸ್ವತಂತ್ರ ಭಾರತದ ನೌಕಾಬಲವಾಗಲಿ ಪಾಕಿಸ್ತಾನದ ನೌಕಾಬಲವಾಗಲಿ ಅವರನ್ನು ಮರಳಿ ಕರೆದುಕೊಳ್ಳಲಿಲ್ಲ.

ಇಲ್ಲಿ ನಮಗೆ ಎದುರುವಾದವನ್ನು ಹೂಡುವವರು ಇದ್ದೇ ಇರುವರು. ಸೈನ್ಯದಲ್ಲಿ ಶಿಸ್ತಿಲ್ಲದಿದ್ದರೆ ದೇಶವುಳಿದೀತೇ? ನಾವಿಕನು ಸಂಪು ಹೂಡಿದರೆ ಶತ್ರುವನ್ನು ತಡೆಯುವವರಾರು? ಪಟೇಲರೂ ಆಗ ಇದೇ ಮಾತನ್ನು ಹೇಳಿದ್ದರು, ಸ್ವತಂತ್ರ ಭಾರತಕ್ಕೂ ಸೇನೆ ಬೇಕಲ್ಲವೇ ಎಂದು. ಈ ವಾದವನ್ನು ನಾವು ಹಗುರಾಗಿ ಎಣಿಸುವದಿಲ್ಲ. ಹಿಟ್ಲರನ ಮೇಲಿನ ಯುದ್ಧವು ಗೆಲ್ಲಲೇಬೇಕಾದ ಯುದ್ಧವಾಗಿದ್ದಿತು, ಹಡಗುಗಳು ಸಾಗಲೇಬೇಕಾಗಿದ್ದಿತು. ಆದರೆ ಶಿಸ್ತು ಎಂಬುದು ಎರಡೂ ಕಡೆಗೆ ಹೊಂದುವ ಕರಾರು. ಪ್ರಾಣ ಕೊಡೆಂದು ಕೇಳುವವನು ಅನ್ನವನ್ನೂ ಮಾನವನ್ನೂ ಕೊಟ್ಟಿರಬೇಕು. ಕೊಡದೆ ಕೇಳುವದು ಶಿಸ್ತಲ್ಲ, ಜೀತ. ಪೋರ್ಟ್ ಶಿಕಾಗೊದ ನಾವಿಕರು ಶತ್ರುವಿಗೆ ಬೆನ್ನು ತೋರಿಸಿರಲಿಲ್ಲ. ಕಲಿಸದ ಕೆಲಸದಲ್ಲಿ ಸುಮ್ಮನೆ ಸಾಯಲೊಲ್ಲೆವೆಂದಿದ್ದರು. ಮುಂಬಯಿಯಲ್ಲಿ ನಾವಿಕರು ಎದ್ದಾಗ ಯುದ್ಧ ಮುಗಿದು ಆರು ತಿಂಗಳಾಗಿದ್ದವು. ಆಗ ಅಪಾಯಕ್ಕೆ ಒಳಗಾದದ್ದು ದೇಶವೋ, ದೇಶವನ್ನು ತುಳಿದು ನಿಂತವನ ಸಿಂಹಾಸನವೋ?

ಇನ್ನೊಂದು ವಾದವುಂಟು: ಇವೆಲ್ಲ ಕಾಗದದ ಚಿತ್ರಗಳು, ಎಂದೋ ಹರಿದುಹೋದವು, ಇವಕ್ಕೆ ಇಷ್ಟು ಮಾತೇಕೆ ಎಂದು. ಹರಿದುಹೋಗಿದ್ದರೆ ನಾವೂ ಸುಮ್ಮನಿರುತ್ತಿದ್ದೆವು. ಅವು ಹರಿಯಲಿಲ್ಲ. ಇಂದು ಚಹದ ಬಟ್ಟಲುಗಳ ಮೇಲೆ, ಅಂಗಿಗಳ ಮೇಲೆ, ಶಾಲೆಯ ಇತಿಹಾಸದ ಪುಸ್ತಕಗಳಲ್ಲಿ ಮತ್ತೆ ಮತ್ತೆ ಅಚ್ಚಾಗುತ್ತಿವೆ. ತೋಳು ಮಡಚಿದ ಹೆಣ್ಣಾಳಿನ ಚಿತ್ರವನ್ನು ಎಷ್ಟೋ ಮಕ್ಕಳು ಗುರುತಿಸುವರು; ಪರೇಲಿನಲ್ಲಿ ಗುಂಡಿಗೆ ಬಿದ್ದ ಕೂಲಿಕಾರರ ವಿಷಯವನ್ನು ಎಷ್ಟು ಮಕ್ಕಳು ಬಲ್ಲರು? ಚಿತ್ರವು ಉಳಿದು ಚರಿತ್ರೆಯು ಅಳಿದರೆ, ನಾಲ್ಕನೆಯವನು ಎರಡನೆಯ ಸಲ ಗೆದ್ದಂತಾಯಿತು.

ಒಳ್ಳೆಯದನ್ನೂ ಹೇಳಲೇಬೇಕು. 1946ರ ನಾವಿಕರನ್ನು ಸ್ವಾತಂತ್ರ್ಯಯೋಧರೆಂದು ಸರಕಾರವು ತಡವಾಗಿಯಾದರೂ ಮನ್ನಿಸಿತು. ಮುಂಬಯಿಯ ಕೊಲಾಬಾದಲ್ಲಿ ಅವರ ಸ್ಮಾರಕವಿದೆ. 2022ರ ಗಣರಾಜ್ಯೋತ್ಸವದಲ್ಲಿ ಭಾರತೀಯ ನೌಕಾಸೇನೆಯು ತನ್ನ ಸ್ತಬ್ಧಚಿತ್ರದಲ್ಲಿ 1946ರ ಬಂಡಾಯವನ್ನು ತೋರಿಸಿತು. ಯಾವ ನೌಕಾಬಲವು ಅವರನ್ನು ಬಾಗಿಲೊಳಗೆ ಬಿಟ್ಟುಕೊಂಡಿರಲಿಲ್ಲವೋ ಅದೇ ಈಗ ಅವರನ್ನು ರಥದ ಮೇಲೆ ಕೂಡಿಸಿತು. ಸಂತೋಷ. ಆದರೆ ಇದರಲ್ಲಿಯೂ ಎಚ್ಚರ ಬೇಕು. ಸತ್ತವರನ್ನು ಹೊಗಳುವದಕ್ಕೆ ಖರ್ಚಿಲ್ಲ. ಅವರು ತಿರುಗಿ ಸಂಬಳ ಕೇಳುವದಿಲ್ಲ. ನಾವಿಕನನ್ನು ರಥವೇರಿಸಿ, ಅವನಿಗಾಗಿ ಗಿರಣಿ ಬಿಟ್ಟು ಬಂದು ಗುಂಡುಂಡ ಕೂಲಿಕಾರನನ್ನು ಬೀದಿಯಲ್ಲಿಯೇ ಬಿಟ್ಟರೆ, ಅದೂ ಅರ್ಧ ಕತ್ತರಿಸಿದ ಚಿತ್ರವೇ. ಸತ್ತ 228 ಮಂದಿ ಹಡಗು ಹತ್ತಿದವರಾಗಿರಲಿಲ್ಲ; ಅವರು ಮುಂಬಯಿಯ ಸಾಮಾನ್ಯ ಜನರು.

ಆದ್ದರಿಂದ ನಮ್ಮ ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ಬಿನ್ನಹವಿದೆ. ಇತಿಹಾಸದ ತರಗತಿಯಲ್ಲಿ ಇಂಥ ಭಿತ್ತಿಪತ್ರವು ಬಂದಾಗ ಅದರ ಬಣ್ಣವನ್ನೂ ರೇಖೆಯನ್ನೂ ಮೆಚ್ಚಿರಿ, ಮೆಚ್ಚತಕ್ಕವೇ ಅವು. ಆ ಮೇಲೆ ಮಕ್ಕಳಿಂದ ನಾಲ್ಕು ಪ್ರಶ್ನೆಗಳನ್ನು ಕೇಳಿಸಿರಿ. ಇದನ್ನು ಅಂಟಿಸಿದವರು ಯಾರು? ಇದರಲ್ಲಿರುವವರ ಸಂಬಳವನ್ನು ಗೊತ್ತುಮಾಡಿದವರು ಯಾರು? ಇದರಲ್ಲಿ ಯಾರ ಮುಖವಿಲ್ಲ? ಇವರು ತಾವಾಗಿಯೇ ಕೈಹಿಡಿದ ದಿನ ಏನಾಯಿತು? ಈ ನಾಲ್ಕಕ್ಕೆ ಉತ್ತರ ಹುಡುಕಿದ ಹುಡುಗನು ಅಟ್ಲಾಂಟಿಕದಿಂದ ಹೊರಟು ಕೀಲ್, ಕ್ರೋನ್‌ಸ್ಟಾಟ್‌ಗಳನ್ನು ದಾಟಿ ಮುಂಬಯಿಯ ಲಾಲಬಾಗಕ್ಕೆ ತಾನಾಗಿಯೇ ಬಂದು ನಿಲ್ಲುವನು. ಕಾರವಾರದ ಮಗ್ಗುಲಲ್ಲಿಯೇ ಇಂದು ದೇಶದ ದೊಡ್ಡ ನೌಕಾನೆಲೆಯೊಂದಿದೆ. ನಮ್ಮ ಮನೆಯ ಹುಡುಗರೂ ಹುಡುಗಿಯರೂ ಅಲ್ಲಿ ನಾವಿಕರಾಗುವರು, ಹಡಗು ರಿಪೇರಿಯ ಕೂಲಿಕಾರರೂ ಆಗುವರು. ಅವರಿಗೆ ಈ ಪಾಠವು ದೂರದ್ದೆನ್ನುವಂತಿಲ್ಲ.

ದುಡಿಯುವವನೂ ಕಡಲಿಗೆ ಹೋಗುವವನೂ ಒಂದಾಗಬೇಕೆಂಬುದನ್ನು ನಾವು ಯಾವ ಭಿತ್ತಿಪತ್ರಕ್ಕಿಂತಲೂ ಕಡಿಮೆ ಬಯಸುವವರಲ್ಲ. ಒಬ್ಬನು ಕಟ್ಟಿದ್ದರ ಮೇಲೆ ಇನ್ನೊಬ್ಬನ ಪ್ರಾಣವು ನಿಂತಿರುವಾಗ ಆ ನಂಟು ಯಾರೂ ಕಲಿಸಬೇಕಾದ್ದಲ್ಲ. ನಾವು ಬೇಡುವದು ಇಷ್ಟೇ: ಆ ಬಾಂಧವ್ಯವನ್ನು ಸಂಬಳದ ಪಟ್ಟಿಯಲ್ಲಿ ತೋರಿಸಿರಿ, ವಿಧವೆಯ ಮಾಸಾಶನದಲ್ಲಿ ತೋರಿಸಿರಿ, ಅವರಿಬ್ಬರೂ ಕೂಡಿ ಬಂದು ಬಾಗಿಲು ತಟ್ಟಿದ ದಿನ ಬಂದೂಕನ್ನು ಕೆಳಗಿಟ್ಟು ತೋರಿಸಿರಿ. ಅಷ್ಟು ಮಾಡಿದ ಸರಕಾರಕ್ಕೆ ಗೋಡೆಯ ಮೇಲೆ ಚಿತ್ರ ಬರೆಯಿಸುವ ಖರ್ಚೇ ಉಳಿದೀತು.